ಮಗು ಕುಳಿತ ಜಾಗ

ಜನವರಿ 6, 1936. ಸೋಮವಾರ. ಮಳವಳ್ಳಿ

ನಾಲ್ಕನೆಯ ಪಾಠ ಇವತ್ತು ಬಂತು. ಮೈಸೂರಿನಿಂದ ಮದ್ದೂರಿಗೆ ರೈಲು, ಮದ್ದೂರಿನಿಂದ ಇಲ್ಲಿಗೆ ಟಪಾಲು ಬಸ್ಸು. ಲಕೋಟೆಯ ಒಂದು ಮೂಲೆ ಹರಿದಿತ್ತು. ಒಳಗೆ ಹನ್ನೆರಡು ಹಾಳೆ, ನೇರಳೆ ಮಸಿಯಲ್ಲಿ ಮಾಸಲು ಮಾಸಲಾಗಿ ಮೂಡಿದ ಅಕ್ಷರ, ಅರ್ಧಕ್ಕರ್ಧ ಊಹಿಸಿಕೊಂಡೇ ಓದಬೇಕು. ವಿಷಯ ಶಿಕ್ಷಣ ಮನಶ್ಶಾಸ್ತ್ರ, ಪ್ರಾರಂಭದ ಪಾಠಗಳು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಉತ್ತರ ಮಾತ್ರ ಕನ್ನಡದಲ್ಲಿ ಬರೆಯಬಹುದು ಎಂಬ ಔದಾರ್ಯ ಬೇರೆ. ಪಾಠ ಹೇಳುವವರ ಮುಖ ನೋಡಿಲ್ಲ, ಹೆಸರೂ ಗೊತ್ತಿಲ್ಲ. ನನ್ನ ಉತ್ತರಗಳ ಅಂಚಿನಲ್ಲಿ ಕೆಂಪು ಮಸಿಯಲ್ಲಿ ಬರೆದು ಕಳಿಸುತ್ತಾರೆ. ಅವರನ್ನು ನಾನು ಕೆಂಪುಮಸಿಯವರು ಎಂದೇ ಕರೆದುಕೊಳ್ಳುತ್ತೇನೆ.

ಮನಸ್ಸಿನ ಶಾಸ್ತ್ರ ಓದುವವರು ಮೊದಲು ತಮ್ಮ ಮನಸ್ಸನ್ನು ತಾವೇ ನೋಡಿಕೊಳ್ಳಬೇಕಂತೆ. ಅದಕ್ಕಾಗಿ ಯಾರಿಗೂ ತೋರಿಸದ ಒಂದು ಪುಸ್ತಕ ಇಡಬೇಕಂತೆ. ಸರಿ, ಇಟ್ಟಿದ್ದೇನೆ. ಸದ್ಯಕ್ಕೆ ಮನಸ್ಸಿನಲ್ಲಿರುವುದು ಇಷ್ಟು: ಏಪ್ರಿಲ್‌ನಲ್ಲಿ ವಿಶ್ವವಿದ್ಯಾನಿಲಯದ ಪರೀಕ್ಷೆ ಪಾಸು ಮಾಡದಿದ್ದರೆ ನನ್ನ ಕೆಲಸ ಹೋಗುತ್ತದೆ. ಸರ್ಟಿಫಿಕೇಟಿಲ್ಲದ ಮೇಷ್ಟ್ರಮ್ಮನನ್ನು ಜೂನ್ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಶಾಲೆಯ ಸೆಕ್ರೆಟರಿ ಪಾರ್ಥಸಾರಥಿಯವರು ಹೇಳಿಬಿಟ್ಟಿದ್ದಾರೆ. ಕೆಲಸ ಹೋದರೆ ನಾನು ಮದ್ದೂರಿಗೆ, ಅಣ್ಣ ಅನಂತರಾಮುವಿನ ಮನೆಗೆ. ಅವನು ಒಳ್ಳೆಯವನು. ಗಂಡ ಸತ್ತ ತಂಗಿಗೆ ಅಡಿಗೆಮನೆಗಿಂತ ಕ್ಷೇಮವಾದ ಜಾಗ ಇಲ್ಲವೆಂದು ನಂಬಿದ ಒಳ್ಳೆಯವನು. ಆ ಒಲೆಯ ಮುಂದೆ ಆರು ವರ್ಷ ಕೂತಿದ್ದೇನೆ. ಇನ್ನೊಂದು ವರ್ಷ ಕೂರಲಾರೆ.

ಪರೀಕ್ಷೆಗೆ ಕೂರಬೇಕಾದರೆ ಮೊದಲು ಒಂದು ವರದಿ ಒಪ್ಪಿಗೆಯಾಗಬೇಕು. ತರಗತಿಯ ಒಂದು ಮಗುವನ್ನು ಆರಿಸಿಕೊಂಡು, ಗಮನಿಸಿ, ಅದರ ಬುದ್ಧಿ, ಅವಧಾನ, ಸ್ಮರಣೆ ಎಂಥದೆಂದು ಬರೆಯಬೇಕು. ಶಾಲೆಯವರ ರುಜು ಹಾಕಿಸಬೇಕು. ಅದೇನು ಮಹಾ ಕಷ್ಟ?

ಜನವರಿ 9, ಗುರುವಾರ

ಮಗುವನ್ನು ಆರಿಸಿದೆ. ಜಾಣ ಮಗುವಾದರೆ ಬರೆಯಲು ಏನಿರುತ್ತದೆ? ಪಾಠದಲ್ಲಿ 'ಮಂದಮತಿ ಮಗು' ಎಂದು ಒಂದು ಭಾಗವೇ ಇದೆ, ಲಕ್ಷಣಗಳನ್ನೆಲ್ಲ ಒಂದರ ಕೆಳಗೊಂದು ಕೊಟ್ಟಿದ್ದಾರೆ. ಅದಕ್ಕೆ ಹೊಂದುವವಳು ನನ್ನ ಎರಡನೆಯ ತರಗತಿಯಲ್ಲಿ ಒಬ್ಬಳೇ. ಹೊಂಬಾಳಮ್ಮ, ವಯಸ್ಸು ಒಂಬತ್ತು. ಆದಿ ಕರ್ನಾಟಕದವರ ಹುಡುಗಿ. ಸೇರಿಸಿಕೊಳ್ಳಲೇಬೇಕೆಂದು ಸರ್ಕಾರದ ಆರ್ಡರು, ಅದಕ್ಕೆ ಸೇರಿಸಿಕೊಂಡಿದ್ದಾರೆ. ಒಳಗೆ ಬರಬಾರದೆಂದು ಬೀದಿಯವರ ಆರ್ಡರು, ಅದಕ್ಕೆ ಬಾಗಿಲಾಚೆ ಜಗಲಿಯ ಮೇಲೆ ಕೂರಿಸಿದ್ದಾರೆ. ನಾನು ಬರುವ ಮೊದಲಿನಿಂದಲೂ ಹಾಗೇ.

ಒಂದೂವರೆ ವರ್ಷದಿಂದ ಬರುತ್ತಿದ್ದಾಳೆ. ಒಂದು ಪದ ನೆಟ್ಟಗೆ ಬರೆಯಲಾರಳು. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು?

ಜನವರಿ 13, ಸೋಮವಾರ

ಬೋರ್ಡಿನ ಮೇಲೆ ಐದು ಪದ ಬರೆದೆ. ಕಮಲ, ಬಸವ, ಗರಗಸ, ನವಿಲು, ಮರಳು. ನೋಡಿ ಬರೆಯಿರಿ ಎಂದೆ. ಹೊಂಬಾಳಮ್ಮ ಬರೆದದ್ದು ಒಂದರ ಕೆಳಗೊಂದು ಕ, ಬ, ಗ, ನ, ಮ. ಅಷ್ಟೇ. ಪ್ರತಿ ಪದದ ಮೊದಲಕ್ಷರಕ್ಕೆ ಬಂದು ನಿಂತಿದ್ದಾಳೆ.

ಅವಳು ಸ್ಲೇಟನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಾಳೆ. ನಾನು ಬೆತ್ತದ ತುದಿಯಿಂದ ಅದನ್ನು ನನ್ನ ಕಡೆ ತಿರುಗಿಸಿಕೊಂಡು ನೋಡುತ್ತೇನೆ. ಮಿಕ್ಕ ಅಕ್ಷರ ಎಲ್ಲಿ ಎಂದು ಕೇಳಿದೆ. ಮಾತಿಲ್ಲ. ಬೆತ್ತದಿಂದ ಹೊಸ್ತಿಲನ್ನು ಒಂದೇಟು ಕುಟ್ಟಿದೆ. ಸ್ಲೇಟನ್ನೇ ನೋಡುತ್ತಾ ನಿಂತಳು.

ಬರೆದುಕೊಂಡೆ: 'ಅವಧಾನ ಒಂದಕ್ಷರದಾಚೆಗೆ ನಿಲ್ಲುವುದಿಲ್ಲ.' ಮಗ್ಗಿ ಕೇಳಿದರೆ ಮಾತ್ರ ಹದಿನಾರರ ತನಕ ಎಲ್ಲೂ ತಡವರಿಸದೆ ಒಪ್ಪಿಸುತ್ತಾಳೆ. ಅದನ್ನೂ ಬರೆದೆ: 'ಅರ್ಥವಿಲ್ಲದ ಕಂಠಪಾಠ. ಗಿಳಿಯ ಸ್ಮರಣೆ.' ಪಾಠದಲ್ಲಿ ಕೊಟ್ಟ ಲಕ್ಷಣಗಳಿಗೆ ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆಂದರೆ ನನಗೇ ಹೆಮ್ಮೆಯಾಯಿತು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಮೂಗು ಸೋರುತ್ತಿದೆ. ಶಾಲೆಯಿಂದ ಬಂದವಳು ಸ್ನಾನವಿಲ್ಲದೆ ಒಳಗೆ ಕಾಲಿಟ್ಟರೆ ಪದ್ಮಮ್ಮತ್ತೆ ಅನ್ನದ ಪಾತ್ರೆ ಮುಟ್ಟಗೊಡುವುದಿಲ್ಲ. ಸೋದರತ್ತೆಯಾದರೂ ಮಡಿಯ ವಿಷಯದಲ್ಲಿ ನೆಂಟಸ್ತಿಕೆ ಇಲ್ಲ. ನನಗೂ ಸ್ನಾನವಾಗದೆ ಸಮಾಧಾನವಿಲ್ಲ, ಸುಳ್ಳೇಕೆ ಬರೆಯಲಿ.

ಜನವರಿ 15, ಬುಧವಾರ

ಸಂಕ್ರಾಂತಿಯ ಎಳ್ಳು ಮಿಕ್ಕಿತ್ತು, ಶಾಲೆಗೆ ಒಯ್ದು ಹಂಚಿದೆ. ಹೊಂಬಾಳಮ್ಮ ಮಡಿಲು ಒಡ್ಡಿದಳು, ಮೇಲಿನಿಂದ ಹಾಕಿದೆ. ನಾಲ್ಕು ಕಾಳು ನೆಲಕ್ಕೆ ಬಿದ್ದವು. ಒಂದೊಂದೇ ಆರಿಸಿ ಬಾಯಿಗೆ ಹಾಕಿಕೊಂಡಳು.

ಜನವರಿ 18, ಶನಿವಾರ

ವರದಿ ಹೋಯಿತು. ಎಂಟು ಪುಟ. ಕೊನೆಯ ವಾಕ್ಯ: 'ಈ ಮಗು ಮಂದಮತಿ; ಸಾಮಾನ್ಯ ಶಾಲೆಯ ಪಾಠದಿಂದ ಇದಕ್ಕೆ ಪ್ರಯೋಜನ ಕಡಿಮೆ.'

ಪಾರ್ಥಸಾರಥಿಯವರು ಓದಿ ಬಹಳ ಸಂತೋಷದಿಂದ ರುಜು ಹಾಕಿದರು. "ಭೇಷ್ ಗೋದಮ್ಮ. ಇದರದೊಂದು ನಕಲು ನನಗೂ ಬರೆದುಕೊಡಿ. ಜೂನ್‌ನಲ್ಲಿ ಆ ಹುಡುಗಿ ಹೆಸರು ತೆಗೆಯೋಕೆ ಕಾರಣ ಬೇಕಾಗಿತ್ತು. ನಾವು ತೆಗೆದೆವು ಅಂತ ಆಗಬಾರದು, ಶಾಸ್ತ್ರವೇ ಹೇಳಿತು ಅಂತ ಆಗಬೇಕು" ಎಂದರು.

ನಕಲು ಕೊಟ್ಟೆ. ಕೊಡದೆ ಇರಲು ಕಾರಣವೇನೂ ತೋಚಲಿಲ್ಲ.

ಜನವರಿ 22, ಬುಧವಾರ

ಚಕ್ರವರ್ತಿಗಳು ತೀರಿಕೊಂಡರೆಂದು ಶಾಲೆಗೆ ರಜ. ಅಣ್ಣನ ಕಾಗದ ಬಂದಿದೆ. ಅತ್ತಿಗೆಗೆ ಏಳನೆಯ ತಿಂಗಳು, ಕೈಗೆ ಜನ ಬೇಕು, ಪರೀಕ್ಷೆ ಗಿರೀಕ್ಷೆ ಎಂದು ಮೈ ಕೆಡಿಸಿಕೊಳ್ಳಬೇಡ, ಯಾವಾಗ ಬಂದರೂ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದಾನೆ. ಎಷ್ಟು ಪ್ರೀತಿಯಿಂದ ಬರೆದಿದ್ದಾನೆಂದರೆ, ಓದಿದ ಕೂಡಲೇ ಪಾಠದ ಹಾಳೆ ತೆಗೆದು ಕೂತೆ.

ಜನವರಿ 30, ಗುರುವಾರ

ವರದಿ ವಾಪಸು ಬಂದಿದೆ. ಒಪ್ಪಿಗೆಯಿಲ್ಲ.

ಎಂಟು ಪುಟಕ್ಕೂ ಒಂದು ತಪ್ಪು ಹಾಕಿಲ್ಲ, ಒಂದು ಸರಿಯನ್ನೂ ಹಾಕಿಲ್ಲ. ಒಂದಕ್ಷರದಾಚೆಗೆ ನಿಲ್ಲುವುದಿಲ್ಲ ಎಂದು ಬರೆದಿದ್ದೆನಲ್ಲ, ಅದರ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಎರಡು ಸಾಲು: 'ಮಗು ಎಲ್ಲಿ ಕುಳಿತು ಬೋರ್ಡನ್ನು ನೋಡುತ್ತದೆ? ತಾವು ಅಲ್ಲಿ ಕುಳಿತು ನೋಡಿದ್ದೀರಾ?' ಕೆಳಗೆ, ತಿದ್ದಿದ ವರದಿ ಮಾರ್ಚ್ 10ರೊಳಗೆ ತಲುಪದಿದ್ದರೆ ಈ ವರ್ಷದ ಪರೀಕ್ಷೆಗೆ ಅನುಮತಿ ಇಲ್ಲ ಎಂದು.

ಕೆಂಪುಮಸಿಯವರು ಮೈಸೂರಲ್ಲಿ ಬೀಸಣಿಗೆಯ ಕೆಳಗೆ ಕೂತು ಬರೆಯುತ್ತಾರೆ. ಮಳವಳ್ಳಿಯ ಜಗಲಿ ಅವರಿಗೇನು ಗೊತ್ತು? ನಾನು ಅಲ್ಲಿ ಕೂರಬೇಕಂತೆ. ಆ ಹುಡುಗಿ ಕೂರುವ ಜಾಗದಲ್ಲಿ.

ಫೆಬ್ರವರಿ 1, ಶನಿವಾರ

ಕೂರುವುದಿಲ್ಲ. ಕೂರದೆಯೇ ಉತ್ತರ ಬರೆದರಾಯಿತು: 'ನೋಡಿದ್ದೇನೆ, ಚೆನ್ನಾಗಿ ಕಾಣುತ್ತದೆ.' ಅವರೇನು ಬಂದು ನೋಡುತ್ತಾರೆಯೇ?

ಫೆಬ್ರವರಿ 3, ಸೋಮವಾರ

ಕೂತೆ.

ಸಂಜೆ ನಾಲ್ಕೂವರೆಗೆ ಮಕ್ಕಳೆಲ್ಲ ಹೋದ ಮೇಲೆ ಆಚೆ ಈಚೆ ನೋಡಿ ಜಗಲಿಗೆ ಹೋದೆ. ಅವಳು ಕೂತೂ ಕೂತೂ ಆ ಜಾಗ ನುಣ್ಣಗಾಗಿದೆ. ಸೆರಗು ಎತ್ತಿ ಹಿಡಿದುಕೊಂಡು, ಕೂತೂ ಕೂರದ ಹಾಗೆ ಕೂತೆ. ಬೋರ್ಡು ಕಾಣಲಿಲ್ಲ. ಸರಿಯಾಗಿ ನೆಲಕ್ಕೆ ಕೂತು ಅವಳಷ್ಟು ಎತ್ತರಕ್ಕೆ ತಲೆ ತಗ್ಗಿಸಿದೆ. ಆಗ ಕಂಡಿತು.

ನಮ್ಮ ತರಗತಿಯ ಬಾಗಿಲಿಗೆ ಎರಡು ಕದ. ಬೋರ್ಡಿನ ಮೇಲೆ ಬಿಸಿಲು ಬಿದ್ದು ಹೊಳೆಯುತ್ತದೆಂದು ಒಂದು ಕದ ಯಾವಾಗಲೂ ಮುಚ್ಚಿರುತ್ತದೆ. ತೆರೆದ ಕದದ ಸಂದಿನಿಂದ ಆ ಜಾಗಕ್ಕೆ ಕಾಣುವುದು ಬೋರ್ಡಿನ ಎಡಗಡೆಯ ಅಂಚು, ಒಂದು ಗೇಣು ಅಗಲ. ಇವತ್ತು ನಾನು ಬರೆದ ಪದಗಳು ಇನ್ನೂ ಬೋರ್ಡಿನ ಮೇಲಿದ್ದವು. ಅಲ್ಲಿಂದ ನನಗೆ ಕಂಡದ್ದು ಒಂದರ ಕೆಳಗೊಂದು ಐದಕ್ಷರ. ಪ್ರತಿ ಪದದ ಮೊದಲನೆಯದು.

ಅವಳು ಕಂಡದ್ದನ್ನೆಲ್ಲ ಬರೆದಿದ್ದಾಳೆ. ಒಂದನ್ನೂ ಬಿಟ್ಟಿಲ್ಲ.

ಆ ಕದ ಮುಚ್ಚಿಸಿದವಳು ನಾನು. ಒಂದೂವರೆ ವರ್ಷದ ಹಿಂದೆ, ಈ ಶಾಲೆಗೆ ಬಂದ ಮಾರನೆಯ ದಿನವೇ. ಅಲ್ಲಿಂದ ಏಳಲು ಬಹಳ ಹೊತ್ತು ಮನಸ್ಸಾಗಲಿಲ್ಲ. ನಾಚಿಕೆಯಾಯಿತು.

ಫೆಬ್ರವರಿ 5, ಬುಧವಾರ

ಹುಡುಗಿಯನ್ನು ಕೇಳಿದೆ. "ಬೋರ್ಡು ಕಾಣಲ್ಲ ಅಂತ ಯಾಕೆ ಹೇಳಲಿಲ್ಲ?"

"ಕಾಣ್ತಿತ್ತಲ್ಲ ಅಮ್ಮಾರೆ, ಅಷ್ಟು ಕಾಣ್ತಿತ್ತು" ಎಂದು ಕೈಯಲ್ಲಿ ಗೇಣು ತೋರಿಸಿದಳು. "ಬೋರ್ಡು ಅಂದ್ರೆ ಅಷ್ಟೇ ಅನ್ಕಂಡಿದ್ದೆ."

ಒಳಗೆ ಬಾ ಎಂದೆ. ಬರಲಿಲ್ಲ. ಹೊಸ್ತಿಲ ಹತ್ತಿರ ಬಂದು ಕಾಲು ಹಿಂದಕ್ಕೆಳೆದುಕೊಂಡಳು. ಇನ್ನೊಮ್ಮೆ ಕರೆದೆ, ದನಿ ಏರಿಸಿ. ಅಳುವುದಕ್ಕೇ ಶುರುಮಾಡಿದಳು. ಒಳಗಿನ ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಸಂಜೆ ಅವಳ ತಾಯಿ ಚಲುವಮ್ಮ ಬಂದಳು, ಗದ್ದೆಯಿಂದ ನೇರವಾಗಿ, ಮೊಣಕಾಲ ತನಕ ಕೆಸರು. ಶಾಲೆಯ ಮೆಟ್ಟಿಲ ಕೆಳಗೆ ನಿಂತೇ ಮಾತಾಡಿದಳು.

"ಮಗೀನ ಒಳಿಕ್ಕೆ ಕರುದ್ರಂತೆ?"

"ಕರೆದೆ. ತಪ್ಪೇನು? ಸರ್ಕಾರದ ಆರ್ಡರೇ ಇದೆ."

"ಆಡ್ರು ಮೈಸೂರಲ್ಲೈತೆ ಕಣ್ರಮ್ಮ. ನಾವಿರೋದು ಇಲ್ಲಿ. ನೀವು ನಾಳೀಕೆ ಬಸ್ಸು ಅತ್ಕಂಡು ಓಯ್ತೀರಿ. ನನ್ ಗಂಡ ಸೆಕ್ರೇಟ್ರಿ ಅಪ್ಪಾರ ಕಬ್ಬಿನ ಗಾಡಿ ಒಡೀತಾನೆ, ಮಂಡ್ಯಕ್ಕೆ. ನಾವೆಲ್ಲಿಗೋಗುಮಾ?"

"ಹಾಗಾದರೆ ಅವಳು ಓದುವುದು ಬೇಡವಾ?"

"ಓದ್ಲಿ ಅಂತಾನೆ ಕಳಿಸಿರಾದು. ಕಾಣಂಗೆ ಮಾಡಿ ಸಾಕು. ಒಳಿಕ್ಕೆ ಕರ್ದು ನಮ್ಗೆ ಒದೆ ಬೀಳುಸ್ಬ್ಯಾಡಿ."

ನನಗೆ ಸಿಟ್ಟು ಬಂತು. ಉಪಕಾರ ಮಾಡಲು ಹೋದರೆ ಬೈಸಿಕೊಂಡೆನಲ್ಲ ಎಂದು. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದರೆ, ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಫೆಬ್ರವರಿ 7, ಶುಕ್ರವಾರ

ಅವಳು ಒಳಗೆ ಬರುವ ಹಾಗಿಲ್ಲ. ನಾವು ಹೊರಗೆ ಹೋಗಬಾರದೆಂದು ಯಾರೂ ಆರ್ಡರು ಮಾಡಿಲ್ಲವಲ್ಲ.

ಬೆಳಿಗ್ಗೆ ದೊಡ್ಡ ಹುಡುಗಿಯರ ಕೈಲಿ ಬೋರ್ಡು ಹೊರಿಸಿ ಶಾಲೆಯ ಮುಂದಿನ ಹೊಂಗೆಮರದ ಬುಡಕ್ಕೆ ಒರಗಿಸಿದೆ. ಇಡೀ ತರಗತಿ ಮರದ ಕೆಳಗೆ. ಹೊಂಬಾಳಿ ಎಲ್ಲರಿಗಿಂತ ಹಿಂದೆ, ಎರಡು ಮಾರು ದೂರ ಕೂತಳು. ಕೂರಲಿ. ಅಲ್ಲಿಂದ ಬೋರ್ಡು ಪೂರ್ತಿ ಕಾಣುತ್ತದೆ. ಮೊದಲ ಪದ ಬರೆದಾಗ ಅವಳ ಕಡೆ ನೋಡಿದೆ. ಬಾಯಿ ತೆರೆದುಕೊಂಡು ಬೋರ್ಡನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದಳು. ಬಳಪ ಮುರಿದಿತ್ತು, ಬೇರೆ ಕೊಟ್ಟೆ.

ಮಧ್ಯಾಹ್ನ ಪಾರ್ಥಸಾರಥಿಯವರು ಬಂದು, ಇದೇನು ಕೋಲಾಟ ಎಂದು ಕೇಳಿದರು. ಆರನೆಯ ಪಾಠ ತೆಗೆದು ತೋರಿಸಿದೆ. ಶುದ್ಧವಾದ ಗಾಳಿಯಿಂದ ಮಕ್ಕಳ ಅವಧಾನ ಹೆಚ್ಚುತ್ತದೆ ಎಂದು ನೇರಳೆ ಮಸಿಯಲ್ಲಿ ಅಚ್ಚಾಗಿದೆ. ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಇದನ್ನು ಮಾಡಿ ನೋಡಬೇಕು ಎಂದೆ. ಇಂಗ್ಲಿಷು ನೋಡಿ ಸುಮ್ಮನಾದರು.

ಫೆಬ್ರವರಿ 12, ಬುಧವಾರ

ಐದು ಪದಕ್ಕೆ ಐದು ಪದ. ಒತ್ತಕ್ಷರ ಇನ್ನೂ ತೊಡಕು.

ಫೆಬ್ರವರಿ 19, ಬುಧವಾರ

ಹೊಂಬಾಳಿ ಇವತ್ತು ಪಾಠದ ಅರ್ಧ ಪುಟ ಓದಿದಳು, ಅಕ್ಷರಕ್ಕೆ ಅಕ್ಷರ ಕೂಡಿಸಿ. ಕಿವಿಯಲ್ಲಿ ಕೇಳಿ ಒಂದೂವರೆ ವರ್ಷ ಕೂಡಿಟ್ಟುಕೊಂಡಿದ್ದಕ್ಕೆಲ್ಲ ಈಗ ಅಕ್ಷರ ಸಿಗುತ್ತಿದೆ. ಮುಂದೇನು ಬರುತ್ತದೆಂದು ಕಣ್ಣಿಗಿಂತ ಮೊದಲು ಬಾಯಿಗೆ ಗೊತ್ತು. ಗಿಳಿಯ ಸ್ಮರಣೆ ಅಂತೆ. ಬರೆದವಳ ತಲೆ.

ಇಬ್ಬರು ಮಕ್ಕಳನ್ನು ಮನೆಯವರು ಶಾಲೆಗೆ ಕಳಿಸುತ್ತಿಲ್ಲ. ಬಿಸಿಲು ಎಂದು ಹೇಳಿ ಕಳಿಸಿದ್ದಾರೆ. ಯಾವ ಬಿಸಿಲೋ ನನಗೆ ಗೊತ್ತು. ರಾತ್ರಿ ಅತ್ತೆ ಊಟಕ್ಕೆ ಬಡಿಸುತ್ತಾ, "ಬೀದಿಯಲ್ಲಿ ಏನೇನೋ ಮಾತಾಡ್ತಾರೆ ಕಣೇ ಗೋದಾ. ನೋಡಿಕೊಂಡು ನಡಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

ಫೆಬ್ರವರಿ 24, ಸೋಮವಾರ

ಹೊಸ ವರದಿ ಬರೆದು ಮುಗಿಸಿದೆ. ಆರೇ ಪುಟ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ರುಜುವಿಗೆ ಹೋದರೆ ಪಾರ್ಥಸಾರಥಿಯವರು ಓದಿ, ಕನ್ನಡಕ ತೆಗೆದು, ಬಾಗಿಲು ಹಾಕಿಬಂದು ಕೂತರು.

"ಮಗುವನ್ನು ಜಗಲಿಯ ಮೇಲೆ ಕೂರಿಸಿತ್ತು ಅಂತ ಬರೆದಿದ್ದೀರಲ್ಲ. ಅದರ ಕೆಳಗೆ ನಾನು ರುಜು ಹಾಕಬೇಕೆ? ನಾಳೆ ಇನ್ಸ್‌ಪೆಕ್ಟರ ಕೈಗೆ ಹೋದರೆ ಶಾಲೆಯ ಗತಿ ಏನು?"

"ಅದು ನಿಜವಲ್ಲವೇ?"

"ನಿಜ ಅಂತ ಎಲ್ಲಾದರೂ ಬರೆದಿಡ್ತಾರೆಯೇ ಗೋದಮ್ಮ?" ಬೇಸರದಿಂದಲೇ ಹೇಳಿದರು, ಸಿಟ್ಟಿನಿಂದಲ್ಲ. "ಆ ಭಾಗ ತೆಗೀರಿ. ಮಗುವಿಗೆ ಕಾಯಿಲೆ ಇತ್ತು, ಅದಕ್ಕೇ ಹಿಂದುಳಿದಿತ್ತು, ಈಗ ವಾಸಿಯಾಗಿ ಓದುತ್ತಿದೆ ಅಂತ ಬರೀರಿ. ಈಗಲೇ ರುಜು ಹಾಕ್ತೀನಿ. ನಿಮ್ಮ ಪರೀಕ್ಷೆಯೂ ಆಗಲಿ, ಹುಡುಗಿಯ ಹೆಸರನ್ನೂ ನಾನು ತೆಗೆಯಲ್ಲ. ಯಾರಿಗೆ ಏನು ನಷ್ಟ?"

ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡೆ. ಯಾರಿಗೆ ಏನು ನಷ್ಟ?

ಫೆಬ್ರವರಿ 27, ಗುರುವಾರ

ಬರೆದೆ. ಕಾಯಿಲೆ ಎಂದು. ಚಳಿಜ್ವರ ಎಂದು ಹೆಸರೂ ಕೊಟ್ಟೆ. ರುಜುವಾಯಿತು. ನಾಳೆ ಟಪಾಲಿಗೆ ಹಾಕಿದರೆ ಮುಗಿಯಿತು.

ಫೆಬ್ರವರಿ 29, ಶನಿವಾರ

ಹಾಕಿಲ್ಲ. ಎರಡು ವರದಿಯೂ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂತಿವೆ. ಪೆಟ್ಟಿಗೆ ತೆಗೆಯುವುದು, ನೋಡುವುದು, ಮುಚ್ಚುವುದು. ಹತ್ತೇ ದಿನ ಉಳಿದಿದೆ. ಅಣ್ಣ ಇನ್ನೊಂದು ಕಾಗದ ಹಾಕಿದ್ದಾನೆ.

ಮನಸ್ಸನ್ನು ನೋಡಿಕೊಳ್ಳಬೇಕಂತೆ. ನೋಡಿಕೊಂಡೆ. ಮದ್ದೂರಿನ ಒಲೆ ಕಂಡು ಭಯವಾಗುತ್ತದೆ. ರುಜುವಿರುವ ವರದಿ ಮುಟ್ಟಿದರೆ ಕೆಂಪುಮಸಿಯವರ ಎರಡು ಸಾಲು ನೆನಪಾಗುತ್ತದೆ. ಒಂದು ಸಲ ಅವಳಿಗೆ ಮಂದಬುದ್ಧಿ ಬರಿಸಿದೆ, ಈಗ ಚಳಿಜ್ವರ ಬರಿಸಿದ್ದೇನೆ. ಆ ಕದಕ್ಕೆ ಮಾತ್ರ ಏನೂ ಆಗಿಲ್ಲ.

ಮಾರ್ಚ್ 4, ಬುಧವಾರ

ಏನೂ ತೋಚದೆ ಮೊದಲನೆಯ ಪಾಠದ ಜೊತೆ ಬಂದ ನಿಯಮಗಳ ಹಾಳೆ ತೆಗೆದೆ. ಕೊನೆಯ ಸಾಲು ಪೂರಾ ಮಾಸಿದೆ. ಬೆಳಕಿಗೆ ಹಿಡಿದು, ಇದ್ದ ಅಕ್ಷರದಿಂದ ಇಲ್ಲದ ಅಕ್ಷರ ಊಹಿಸಿಕೊಂಡು ಓದಿದೆ. ಶಾಲೆಯವರ ರುಜು ದೊರೆಯದಿದ್ದಲ್ಲಿ ಮಗುವಿನ ತಂದೆ ಅಥವಾ ತಾಯಿ, ವರದಿಯ ಸಾರಾಂಶವನ್ನು ತಿಳಿದು ರುಜು ಮಾಡಬಹುದು.

ಚಲುವಮ್ಮನನ್ನು ಕೇಳಬೇಕು. ಕೇಳಲು ನನಗೇನು ಹಕ್ಕಿದೆ? ಅವಳ ಗಂಡ ಹೊಡೆಯುವುದು ಪಾರ್ಥಸಾರಥಿಯವರ ಗಾಡಿ. ಬೇಡ ಎಂದರೆ ಕಾಯಿಲೆಯ ವರದಿಯೇ ಗತಿ.

ಮಾರ್ಚ್ 6, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಸಂಜೆ ಬಿಸಿಲಿಳಿಯುವ ಹೊತ್ತಿಗೆ ಚಲುವಮ್ಮ ಮಗಳ ಜೊತೆ ನಮ್ಮ ಮನೆಯ ಮುಂದೆ ಬಂದಳು. ಹೇಳಿ ಕಳಿಸಿದ್ದೆ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು, ಸೀರೆಯ ಅಂಚು ಕಾಣುತ್ತಿತ್ತು. ನಾನು ಜಗಲಿಯಿಂದ ಇಳಿದು ಬೀದಿಯಲ್ಲಿ ನಿಂತು ವಿಷಯವೆಲ್ಲ ಹೇಳಿದೆ. ರುಜು ಮಾಡಿದರೆ ಸೆಕ್ರೆಟರಿಗೆ ಸಿಟ್ಟು ಬರಬಹುದು ಎಂಬುದನ್ನೂ ಹೇಳಿದೆ. ನನ್ನ ಕೆಲಸ ಇದರ ಮೇಲೆ ನಿಂತಿದೆ ಎಂಬುದನ್ನೂ.

"ಎಬ್ಬೆಟ್ಟಾ?" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬ್ಯಾಡ ಕಣ್ರಮ್ಮ. ನಮ್ಮಾವ ಒಂದ್ಸಲ ಒತ್ತಿದ್ರು. ಏನು ಬರ್ದಿತ್ತು ಅಂತ ಸಾಯೋಗಂಟ ಗೊತ್ತಾಗ್ನಿಲ್ಲ ಅವ್ರಿಗೆ."

"ನಾನು ಓದಿ ಹೇಳ್ತೀನಿ ಚಲುವಮ್ಮ."

"ನೀವು ಓದುದ್ರೆ ನೀವು ಯೋಳ್ದಂಗಾಯ್ತದೆ. ಅವತ್ತೂ ಓದಿ ಯೋಳುದ್ರು, ಬರ್ದೋರೆ." ಮಗಳ ಕಡೆ ತಿರುಗಿದಳು. "ಓದೋದಾದ್ರೆ ಇವ್ಳು ಓದ್ಲಿ. ಓದ್ತಾಳೆ ಅಂತ ತಾನೇ ಬರ್ದಿರಾದು ನೀವು?"

ಸಾರಾಂಶ ನಾಲ್ಕೇ ವಾಕ್ಯ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಓದಲಾರದೆ ಹೋದರೆ ನನ್ನ ವರದಿ ಸುಳ್ಳು. ಓದಿದರೆ ನಾನು ಅವಳನ್ನು ಏನೆಂದು ಬರೆದಿದ್ದೆನೆಂದು ಅವಳ ಬಾಯಿಂದಲೇ ಕೇಳಬೇಕು. ಹಾಳೆಯನ್ನು ಅವಳ ಕೈಗೆ ಕೊಟ್ಟೆ.

ಹೊಂಬಾಳಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಈ... ಮಗು..." ಎಂದು ಶುರುಮಾಡಿ ಅಲ್ಲಿಗೇ ನಿಂತಳು. ಬೆರಳು ಇಟ್ಟುಕೊಂಡಳು. "ಮಂ... ದ... ಮ... ತಿ. ಮಂದಮತಿ. ಅಂಗಂದ್ರೇನು ಅಮ್ಮಾರೆ?"

ಪಾಠದಲ್ಲಿ ಇದಕ್ಕೆ ಒಂದು ಪುಟದಷ್ಟು ಅರ್ಥ ಕೊಟ್ಟಿದ್ದಾರೆ. ಒಂದೂ ಬಾಯಿಗೆ ಬರಲಿಲ್ಲ.

"ದಡ್ಡಿ ಅಂತ" ಎಂದೆ.

"ಯಾರು?"

"ನೀನು. ಹಾಗಂತ ನಾನು ಬರೆದಿದ್ದೆ."

ಚಲುವಮ್ಮ ನನ್ನನ್ನೇ ನೋಡಿದಳು. ಹುಡುಗಿ ನನ್ನನ್ನು ನೋಡಲಿಲ್ಲ, ಹಾಳೆಯನ್ನೇ ನೋಡುತ್ತಾ, "ಮುಂದಕ್ಕಿನ್ನೂ ಐತೆ ತಡೀರಿ" ಎಂದು ಓದುತ್ತಾ ಹೋದಳು. "ಈ ಮಗು ಮಂದಮತಿ ಎಂದು ನಾನು ಮೊದಲು ಬರೆದದ್ದು... ತಪ್ಪು. ಮಗು ಕುಳಿತ ಜಾಗಕ್ಕೆ ಬೋರ್ಡು ಕಾಣುತ್ತಿರಲಿಲ್ಲ. ಬಾಗಿಲು... ಮು, ಮುಚ್ಚಿಸಿದವಳು ನಾನು. ಈಗ ಮಗು ಓದುತ್ತದೆ."

ಮುಗಿಸಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಇನ್ನೇನೂ ಇಲ್ಲವೆಂದು ನೋಡಿಕೊಂಡಳು. ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಚಲುವಮ್ಮ ಅದಕ್ಕೆ ದಾರಿ ಬಿಟ್ಟು ನಿಂತಳು.

"ಕದ ಮುಚ್ಚಿದ್ದು ನೀವು ಅಂತ ನೀವೇ ಬರ್ಕಂಡಿದ್ದೀರಾ?"

"ಹೌದು."

"ನಮ್ಮೋರು ಗಾಡಿ ಬುಟ್ರೆ ಬುಡ್ಲಿ. ಕಬ್ಬಿನ ಗಾಡಿ ಅವ್ರದೊಂದೇನಾ ಇರಾದು?" ಎಂದು ಕೈ ಮುಂದಕ್ಕೆ ಚಾಚಿದಳು. "ಒತ್ತುಸ್ಕಳಿ. ನಮ್ಮನೇಲಿ ಓದಿ ಒತ್ತಿದ್ದು ಅಂದ್ರೆ ಇದೇ ಮೊದ್ಲು."

ಬಟ್ಟೆಯ ಚೂರಿಗೆ ಮಸಿ ಹಾಕಿಟ್ಟಿದ್ದೆ. ಅವಳ ಹೆಬ್ಬೆಟ್ಟು ಕೆಲಸ ಮಾಡಿ ಮಾಡಿ ಒರಟಾಗಿದೆ, ಗೆರೆ ಮೂಡಲೇ ಇಲ್ಲ. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಬೆರಳನ್ನು ಹಿಡಿದು, ಒತ್ತಿ, ಹೊರಳಿಸಿದೆ. ಮೂಡಿತು.

ಊಟಕ್ಕೆ ಕೂತಾಗ ಅತ್ತೆ ನನ್ನ ಕೈ ನೋಡಿದರು. "ಬೆರಳೆಲ್ಲಾ ಮಸಿ ಕಣೇ" ಎಂದರು. ತೊಳೆದೆ ಅತ್ತೆ, ಹೋಗಲಿಲ್ಲ ಎಂದೆ. ಇನ್ನೇನೋ ಕೇಳುವವರ ಹಾಗೆ ನಿಂತಿದ್ದರು. ಆಮೇಲೆ ಸಾರು ಬಡಿಸಿದರು. ಬಹಳ ಹಸಿವಾಗಿತ್ತು.

ಮಾರ್ಚ್ 7, ಶನಿವಾರ

ಮೊದಲ ಬಸ್ಸಿಗೆ ವರದಿ ಹೋಯಿತು. ಚಳಿಜ್ವರದ್ದನ್ನು ಒಲೆಗೆ ಹಾಕಿದೆ.

ಮಾರ್ಚ್ 11, ಬುಧವಾರ

ಪಾರ್ಥಸಾರಥಿಯವರಿಗೆ ಗೊತ್ತಾಗಿದೆ. ಮರದ ಕೆಳಗಿನ ತರಗತಿ ನಾಳೆಯಿಂದ ಬಂದ್, ಎಲ್ಲರೂ ಒಳಗೆ, ಅವಳು ಜಗಲಿಗೆ. ಆಗಲಿ ಎಂದೆ. ಆದರೆ ಎರಡು ಕದವನ್ನೂ ತೆರೆದೇ ಇಡುತ್ತೇನೆ, ಬಿಸಿಲು ಬಿದ್ದರೆ ಬೋರ್ಡನ್ನೇ ಸರಿಸುತ್ತೇನೆ ಎಂದೂ ಹೇಳಿದೆ. ಹೆಸರು ತೆಗೆಯಲು ಅವರ ಹತ್ತಿರವಿರುವ ನಕಲು ಇನ್ನು ನಡೆಯದು, ಅದು ತಪ್ಪೆಂದು ಮೈಸೂರಿಗೇ ಬರೆದಾಗಿದೆ. ಕೆಂಪಸಿದ್ದಯ್ಯನ ಗಾಡಿ ಬಿಡಿಸಿದ್ದಾರೆ. ಚಲುವಮ್ಮನ ಗಂಡ ಅವನು. ಆ ಮನೆಯ ಮುಂದೆ ಹೇಗೆ ಹಾದುಹೋಗಲಿ ಎಂದುಕೊಂಡೇ ಹೋದೆ. "ಮಂಡ್ಯದಲ್ಲಿ ಬ್ಯಾರೇವ್ರದ್ದು ಸಿಕ್ತು, ಓಗಿ ಓಗಿ" ಎಂದಳು ಚಲುವಮ್ಮ, ರಾಗಿ ಬೀಸುವುದನ್ನು ನಿಲ್ಲಿಸದೆ.

ಮಾರ್ಚ್ 24, ಮಂಗಳವಾರ

ಒಂದೇ ಟಪಾಲಿನಲ್ಲಿ ಎರಡು.

ಮೊದಲನೆಯದು ಶಾಲೆಯ ಸಮಿತಿಯದು, ಎರಡು ಬೀದಿ ಆಚೆಯಿಂದ ಅಂಚೆ ಚೀಟಿ ಹಚ್ಚಿಕೊಂಡು ಬಂದದ್ದು. ಬೇಸಗೆ ರಜದ ನಂತರ ನನ್ನ ಸೇವೆ ಅಗತ್ಯವಿಲ್ಲವಂತೆ, ಪಾಸಾದರೂ ಸರಿಯೇ. ಎರಡನೆಯದು ಮೈಸೂರಿನಿಂದ ಬಂದ ಕಾರ್ಡು. 'ವರದಿ ಒಪ್ಪಿಗೆಯಾಗಿದೆ. ಏಪ್ರಿಲ್ 20ರ ಪರೀಕ್ಷೆಗೆ ಹಾಜರಾಗಬಹುದು.' ಅದರ ಕೆಳಗೆ ಕೆಂಪು ಮಸಿಯಲ್ಲಿ ಒಂದು ಸಾಲು: 'ಮಗು ಈಗ ಎಲ್ಲಿ ಕುಳಿತಿದೆ?'

ಸರ್ಟಿಫಿಕೇಟು ಕೈಗೆ ಬಂದರೆ ಶಾಲೆ ಇದೊಂದೇ ಅಲ್ಲ. ಮಂಡ್ಯದಾಚೆ ಬಸರಾಳಿನ ಶಾಲೆಗೆ ಮೇಷ್ಟ್ರಮ್ಮ ಬೇಕಂತೆ. ಬರುವುದಿಲ್ಲವೆಂದು ಅಣ್ಣನಿಗೆ ಕಾಗದ ಹಾಕಿದೆ, ಅತ್ತಿಗೆಗೆ ಅಂಟಿನುಂಡೆ ಕಳಿಸುತ್ತೇನೆಂದೂ ಬರೆದೆ.

ಆಮೇಲೆ ಕೆಂಪುಮಸಿಯವರಿಗೆ ಕಾರ್ಡು ಬರೆಯಲು ಕೂತೆ. ಒಳ್ಳೆಯ ಉತ್ತರ ಬರೆಯಬೇಕೆಂದು ಆಸೆಯಾಯಿತು. ಇರುವುದನ್ನೇ ಬರೆದೆ:

'ಶಾಲೆಯಲ್ಲಿ ಮಗು ಇನ್ನೂ ಜಗಲಿಯ ಮೇಲೆಯೇ ಕುಳಿತಿದೆ. ಎರಡೂ ಕದ ತೆರೆದಿವೆ. ಸಂಜೆಯ ಹೊತ್ತು ನಮ್ಮ ಮನೆಯ ಜಗಲಿಯ ಮೇಲೆ ನನ್ನ ಪಕ್ಕ ಕೂರುತ್ತದೆ. ಈ ಕಾರ್ಡಿನ ವಿಳಾಸ ಬರೆದದ್ದು ಆ ಮಗು.'

ಲೇಖಣಿಯನ್ನು ಪಕ್ಕದಲ್ಲಿದ್ದ ಹೊಂಬಾಳಿಯ ಕೈಗೆ ಕೊಟ್ಟೆ. ಪಾಠಕ್ಕೆಂದು ಅವಳು ಸಂಜೆ ಬರತೊಡಗಿ ಹತ್ತು ದಿನವಾಯಿತು, ಅತ್ತೆ ಬಾಗಿಲಲ್ಲಿ ಇಣುಕಿ ಒಳಗೆ ಹೋಗುತ್ತಾರೆ. ನಾಲಿಗೆ ಹೊರಗಿಟ್ಟುಕೊಂಡು ಬರೆದಳು. ಸಾಲು ಸೊಟ್ಟಗೆ ಮೇಲಕ್ಕೆ ಹತ್ತಿದೆ. ಕೊನೆಗೆ ಮೈಸೂರು ಎಂಬುದನ್ನು ಎಷ್ಟು ದಪ್ಪಗೆ ಬರೆದಿದ್ದಾಳೆಂದರೆ, ಕಾರ್ಡಿನಲ್ಲಿ ಸ್ಟಾಂಪು ಬಿಟ್ಟು ಬೇರೆ ಜಾಗವೇ ಉಳಿದಿಲ್ಲ.